ನಾಲ್ಕು ಎಣಿಸುವಷ್ಟು ಹೊತ್ತು

ಕಾಂಬೋಡಿಯಾದ ಒಂದು ಸಣ್ಣ ಊರಿಗೆ ಮೂರು ತಿಂಗಳ ಮಟ್ಟಿಗೆ, ಸಂಬಳವಿಲ್ಲದ ಮೇಷ್ಟ್ರಾಗಿ, ಇಂಗ್ಲಿಷ್ ಮತ್ತು ನಾಟಕ ಕಲಿಸಲು ಹೋಗಿದ್ದೆ. ಅರ್ಜಿಯಲ್ಲಿ ರಂಗಭೂಮಿಯ ಅನುಭವ ಕೇಳಿದ್ದ ಕಡೆ ‘ಹನ್ನೆರಡು ವರ್ಷ’ ಎಂದು ಬರೆದಿದ್ದೆ. ಸುಳ್ಳಲ್ಲ. ಆ ಹನ್ನೆರಡು ವರ್ಷವೂ ನಾನು ನಿಂತಿದ್ದದ್ದು ಪರದೆಯ ಪಕ್ಕದಲ್ಲಿ, ಜನಕ್ಕೆ ಕಾಣದ ಹಾಗೆ ಎಂಬುದನ್ನು ಅವರು ಕೇಳಿರಲಿಲ್ಲ, ನಾನೂ ಹೇಳಲಿಲ್ಲ.

ಬೆಂಗಳೂರಿನ ಅಂಚಿನ ನಮ್ಮ ಮಾಕಳಿಯಲ್ಲಿ ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತಾರೆ. ಪಾತ್ರಧಾರಿಗಳೆಲ್ಲ ಊರಿನ ಹಳೇ ರೈತರು. ರಾಗಿ ಬೆಳೆಯುತ್ತಿದ್ದ ಕಡೆ ಶೆಡ್ಡು ಕಟ್ಟಿ ಕಾರ್ಖಾನೆಗಳಿಗೆ ಬಾಡಿಗೆ ಕೊಟ್ಟವರು. ಹಾಡು ಸಲೀಸಾಗಿ ಬರುತ್ತದೆ, ಮಾತು ಮಾತ್ರ ನೆನಪಿರುವುದಿಲ್ಲ. ಅದಕ್ಕೇ ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತು ಪ್ರತಿ ಮಾತಿನ ಮೊದಲ ಪದ ಎತ್ತಿಕೊಡುವವನೊಬ್ಬ ಬೇಕು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಹೊಸ ಕೆಲಸಗಾರರಿಗೆ ಸೇಫ್ಟಿ ಪಾಠ ಹೇಳುತ್ತಿದ್ದ ನನಗೆ ಅದು ಹೇಳಿ ಮಾಡಿಸಿದ ಕೆಲಸ. ಎದುರಿನವರು ತಡವರಿಸುವ ಮೊದಲೇ ನನ್ನ ಬಾಯಿ ತಾನಾಗಿ ತೆರೆಯುತ್ತದೆ.

ಹೊರಡುವ ದಿನ ಸೂಟ್‌ಕೇಸಿನಲ್ಲಿ ಭೇದಿಗೆಂದೇ ನಾಲ್ಕು ಬಗೆಯ ಮಾತ್ರೆ ಕಂಡು ಹೆಂಡತಿ, “ಪಾಠ ಹೇಳೋಕ್ ಹೋಗ್ತಿದೀರೋ, ಟೆನ್ಷನ್ ಮಾಡ್ಕೊಳ್ಳೋಕ್ ಹೋಗ್ತಿದೀರೋ? ಅದು ಇಲ್ಲೇ ಸಿಗ್ತಿತ್ತಲ್ರೀ, ವೀಸಾ ಯಾಕೆ?” ಎಂದಿದ್ದಳು.

ಅಲ್ಲಿನ ಶಾಲೆ ತಗಡಿನ ಚಾವಣಿಯ ಎರಡು ಕೋಣೆ. ಅದನ್ನು ನಡೆಸುತ್ತಿದ್ದವರು ಹೆಚ್ಚು ಮಾತಾಡದ ಒಬ್ಬ ಹೆಡ್ ಮೇಡಂ. ನನ್ನ ತರಗತಿಯಲ್ಲಿ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಳು. ಪಟ್ಟಣದಲ್ಲಿ ಹೋಟೆಲ್ ಕೆಲಸ ಕಲಿಸುವ ಒಂದು ಸಂಸ್ಥೆ; ಸೇರಿದರೆ ಊಟ, ವಸತಿ, ಆಮೇಲೆ ಕೆಲಸ. ಸೇರಬೇಕಾದರೆ ಮೂವರ ಎದುರು ನಿಂತು ಇಂಗ್ಲಿಷಿನಲ್ಲಿ ಮಾತಾಡಬೇಕು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಆಗದಿದ್ದರೆ ಅಕ್ಕನ ಜೊತೆ ಗಾರ್ಮೆಂಟ್ಸ್‌ಗೆ. “ಅಕ್ಕ ಮನೆಗೆ ಬಂದ ಮೇಲೂ ಮಾತಾಡಲ್ಲ ಟೀಚರ್, ಊಟ ಮಾಡ್ತಾಳೆ, ಮಲಗ್ತಾಳೆ,” ಎಂದು ಅವಳು ತನ್ನ ಇಂಗ್ಲಿಷಿನಲ್ಲಿ ಒಮ್ಮೆ ಹೇಳಿದ್ದಳು.

ನಾನು ಆ ಸಂದರ್ಶನವನ್ನೇ ನಾಟಕ ಮಾಡಿದೆ. ಮೇಜಿನ ಹಿಂದೆ ಮೂವರು ಮಕ್ಕಳು ಅಧಿಕಾರಿಗಳಾಗಿ ಹುಬ್ಬು ಗಂಟಿಕ್ಕಿ ಕೂರುತ್ತಿದ್ದರು. ಅವಳು ಬಾಗಿಲಿನಿಂದ ಬಂದು ಕೈಮುಗಿದು ನಿಲ್ಲುತ್ತಿದ್ದಳು. ನಾನು ಕಿಟಕಿಯ ಪಕ್ಕ ನಿಂತು ಪ್ರತಿ ಉತ್ತರದ ಮೊದಲ ಪದ ಎತ್ತಿಕೊಡುತ್ತಿದ್ದೆ. ಒಂದೇ ಪದ. ಉಳಿದದ್ದು ಅವಳ ಬಾಯಿಂದ ಅರಳು ಹುರಿದ ಹಾಗೆ ಬರುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನನಗೂ ಹೆಮ್ಮೆ. ಮಾಕಳಿಯ ವಿದ್ಯೆ ಸಮುದ್ರ ದಾಟಿತಲ್ಲ!

ಕೊನೆಯ ವಾರ ಹೆಡ್ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. “ಇವತ್ತು ಪದ ಎತ್ತಿಕೊಡಬೇಡಿ. ಅವಳು ನಿಂತರೆ ನಿಲ್ಲಲಿ. ನೀವು ಕಾಯಿರಿ.”

ಸರಿ ಎಂದೆ. ಮಕ್ಕಳು ಮೊದಲ ಪ್ರಶ್ನೆ ಕೇಳಿದರು. ಅವಳು ಕಿಟಕಿಯ ಕಡೆ ನೋಡಿದಳು. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ. ಒಂದು, ಎರಡು. ಅವಳ ಕಿವಿ ಕೆಂಪಾಯಿತು. ಮೂರು. ಅಧಿಕಾರಿಗಳಲ್ಲೊಬ್ಬ ಕಿಸಕ್ಕೆಂದ. ನಾಲ್ಕು. ಪದ ಕೊಟ್ಟುಬಿಟ್ಟೆ. ಅವಳ ಮುಖ ಅರಳಿತು. ಹೆಡ್ ಮೇಡಂ ಎದ್ದು ಹೊರಗೆ ಹೋದರು.

ಸಂಜೆ ಹುಡುಗಿ ಕೇಳಿದಳು: “ಅಲ್ಲಿ ನೀವು ಎಲ್ಲಿ ನಿಂತ್ಕೋತೀರಿ ಟೀಚರ್?”

ಸಂದರ್ಶನದ ಹೊತ್ತಿಗೆ ನಾನು ಹೊರಟುಹೋಗಿರುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು. “ನಿನಗೆ ಎಲ್ಲ ಬರುತ್ತೆ, ಧೈರ್ಯವಾಗಿರು,” ಎಂದೆ. ಬದುಕಿನಲ್ಲಿ ಒಂದು ದಿನವೂ ಧೈರ್ಯವಾಗಿರದವನು ಹೇಳಿದ ಮಾತು. ಇನ್ನೊಂದು ವಾರ ಉಳಿಯಬಹುದಿತ್ತು. ವೀಸಾ ಮುಗಿದು ಏರ್‌ಪೋರ್ಟಿನಲ್ಲಿ ಹಿಡಿದುಕೊಂಡರೆ ಎಂದು ಹೆದರಿ ಟಿಕೆಟ್ ಬದಲಿಸಲಿಲ್ಲ. ವೀಸಾಗೆ ಇನ್ನೂ ಹತ್ತು ದಿನವಿತ್ತು.

ಮಾಕಳಿಗೆ ಬಂದ ಎರಡನೇ ಶನಿವಾರ ಹೆಡ್ ಮೇಡಂ ಅವರ ವಾಯ್ಸ್ ಮೆಸೇಜ್ ಬಂತು. ಬೈದಿದ್ದರೆ ಚೆನ್ನಾಗಿತ್ತು. ಅವರು ಬರೀ ನಡೆದದ್ದು ಹೇಳಿದ್ದರು. ಹುಡುಗಿ ಒಳಗೆ ಹೋದಳು, ಕೈಮುಗಿದಳು. ಹೆಸರು ಕೇಳಿದರು. ಅವಳು ಪಕ್ಕದ ಗೋಡೆ ನೋಡಿದಳು. ಆ ಕೋಣೆಗೆ ಕಿಟಕಿ ಇರಲಿಲ್ಲ. ಎರಡನೇ ಪ್ರಶ್ನೆಗೂ ಗೋಡೆಯನ್ನೇ ನೋಡಿದಳು. ಮೂರನೆಯದನ್ನು ಅವರು ಕೇಳಲಿಲ್ಲ. ಸೋಮವಾರದಿಂದ ಅಕ್ಕನ ಜೊತೆ ಹೋಗುತ್ತಿದ್ದಾಳೆ.

ಹೆಂಡತಿಗೆ ಕೇಳಿಸಿದೆ. ಚೇಷ್ಟೆಯ ಮಾತು ಬರಬಹುದೆಂದು ಕಾದೆ. ಅವಳು ಫೋನನ್ನು ಮಗುಚಿ ಇಟ್ಟು, “ಕಾಫಿ ಕುಡೀರಿ,” ಎಂದಳು.

ಮರುದಿನ ಭಾನುವಾರ, ನಾಟಕದ ಪ್ರಾಕ್ಟೀಸು. ಬಾಡಿಗೆದಾರ ಖಾಲಿ ಮಾಡಿ ಹೋದ ಶೆಡ್ಡಿನಲ್ಲಿ ಎಣ್ಣೆಯ ವಾಸನೆ ಇನ್ನೂ ಇತ್ತು. ರಾಜನ ಪಾತ್ರ ಶೆಡ್ಡಿನ ಯಜಮಾನರದೇ. ಗದೆ ಹೆಗಲಿಗೇರಿಸಿ ಮುಂದೆ ಬಂದರು, ಮೀಸೆ ತಿರುವಿದರು, ನನ್ನ ಕಡೆ ನೋಡಿದರು. ಪುಸ್ತಕ ನನ್ನ ಕೈಯಲ್ಲಿತ್ತು, ಸಾಲು ಕಣ್ಣೆದುರಿಗಿತ್ತು. ಬಾಯಿ ತೆರೆಯಲಿಲ್ಲ. ನನ್ನ ಹಾಳು ಅಭ್ಯಾಸ, ಎಣಿಕೆ ಮಾತ್ರ ತಾನಾಗಿ ಶುರುವಾಯಿತು.

“ಸಾರ್?” ಎಂದರು. “ಯಾಕ್ ಸಾರ್, ಬಾಯ್ಗೆ ಬೀಗ ಆಕ್ಕಂಡ್ ಬಂದಿದೀರಾ? ಇಂಗೆ ಸುಮ್ಕೆ ನಿಂತ್ರೆ ನಾನೇನೇಳ್ಲಿ?”

ಹಾರ್ಮೋನಿಯಂ ನುಡಿಸುವವರು ನಕ್ಕರು. “ಫಾರಿನ್ ರಿಟರ್ನ್ ಕಣಣ್ಣ, ಕನ್ನಡ ಮರ್ತೋಗೈತೆ!”

ಯಜಮಾನರು ತಲೆ ಕೆರೆದುಕೊಂಡರು, ಚಾವಣಿ ನೋಡಿದರು, ಗದೆಯನ್ನು ಆ ಹೆಗಲಿಂದ ಈ ಹೆಗಲಿಗೆ ಬದಲಿಸಿದರು. ಆಮೇಲೆ ಇದ್ದಕ್ಕಿದ್ದಂತೆ ಎದೆಯುಬ್ಬಿಸಿ ಇಡೀ ಮಾತನ್ನು, ಒಂದಕ್ಷರ ತಪ್ಪದೆ, ಶೆಡ್ಡಿನ ತಗಡು ನಡುಗುವಂತೆ ಹೇಳಿಬಿಟ್ಟರು.

“ನೋಡುದ್ರಾ ಸಾರ್! ನೀವ್ ಕೊಡ್ದಿದ್ರೂ ಬತ್ತದೆ!” ಅರವತ್ತು ದಾಟಿದ ಮುಖ ಮಗುವಿನಂತೆ ಬೆಳಗುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಟ್ಟಿದೆ.

ಹನ್ನೊಂದು ಎಣಿಸಿದ್ದೆ. ಆ ಹುಡುಗಿಗೆ ಕೊಟ್ಟದ್ದು ನಾಲ್ಕು.

ಮುಂದಿನ ಮಾತಿಗೆ ಯಜಮಾನರು ಮತ್ತೆ ನನ್ನ ಕಡೆ ತಿರುಗಿದರು.