ಬಲಗಣ್ಣಿನ ಅಂಚಿನ ನೆರಳು

ನನ್ನ ಬಲಗಣ್ಣಿನ ಹೊರ ಅಂಚಿನಲ್ಲಿ ಯಾರೋ ನಿಂತಿದ್ದಾರೆ ಎಂದು ಅನಿಸತೊಡಗಿದ್ದು ಪೊರೆಯ ಆಪರೇಷನ್ ಆದ ಮರುದಿನ. ಕಪ್ಪು ಸೀರೆ ಉಟ್ಟ ಹೆಂಗಸೊಬ್ಬಳು ಬಾಗಿಲ ಪಕ್ಕ ಸರಿದು ನಿಂತ ಹಾಗೆ. ತಿರುಗಿದರೆ ಯಾರೂ ಇಲ್ಲ. ನಾನು ತಿರುಗಿದಾಗ ಅವಳೂ ತಿರುಗಿ ಮತ್ತೆ ಅಂಚಿಗೇ ಹೋಗಿ ನಿಲ್ಲುತ್ತಾಳೆ. ಮೂವತ್ತು ವರ್ಷ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂದು ಬೋರ್ಡಿನತ್ತ ಮುಖ ಮಾಡಿಕೊಂಡೇ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಇವಳು ಮಾತ್ರ ನನ್ನ ಕೈಗೆ ಸಿಗಲಿಲ್ಲ.

ಪೊರೆ ಎಂಬ ಮಾತೇ ಒಂದು ವಿಚಿತ್ರ. ಹಾವು ಕಳಚಿ ಬಿಟ್ಟು ಹೋಗುವುದೂ ಪೊರೆ, ವಯಸ್ಸಾದ ಕಣ್ಣಿಗೆ ಕವಿಯುವುದೂ ಪೊರೆ. ಅದು ಸಾಲದೆಂದು, ಕಾಪಾಡು ಎನ್ನುವುದಕ್ಕೂ ನಮ್ಮ ಹಳಬರು ಪೊರೆ ಎಂದೇ ದೇವರ ಮುಂದೆ ಕೈಮುಗಿದರು. ದೇವರಲ್ಲಿ ಪೊರೆ ಎಂದು ಬೇಡಿಕೊಂಡು, ಡಾಕ್ಟರಲ್ಲಿ ಪೊರೆ ತೆಗೆಯಿರಿ ಎಂದು ಬೇಡಿಕೊಳ್ಳುವುದು ಕನ್ನಡದವರಿಗೆ ಮಾತ್ರ ಒದಗಿದ ಭಾಗ್ಯ. ಮುಂಬಯಿಯ ನಮ್ಮ ಮರಾಠಿ ನೆರೆಹೊರೆಯವರು ಇದನ್ನೇ ಮೋತಿಬಿಂದು ಎನ್ನುತ್ತಾರೆ, ಮುತ್ತಿನ ಹನಿ ಎಂದು. ಸೊಪ್ಪು ಬಿಡಿಸುವಾಗ ಹುಳ ಕಾಣದೆ ಬೈಸಿಕೊಂಡ ದಿನಗಳಲ್ಲಿ, ನನ್ನ ಕಣ್ಣಲ್ಲಿ ಮುತ್ತೊಂದು ಕೂತಿದೆ ಎಂದುಕೊಂಡರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ಮುತ್ತನ್ನು ತೆಗೆಸಿದ್ದು ದಾದರ್ ಸ್ಟೇಷನ್ನಿಗೆ ಹತ್ತಿರದ ಒಂದು ಸಣ್ಣ ಕಣ್ಣಿನ ಆಸ್ಪತ್ರೆಯಲ್ಲಿ. ಹೋಗುವಾಗ ಕಾಂಜೂರ್‌ಮಾರ್ಗದಿಂದ ಲೋಕಲ್ ಹಿಡಿದೆವು; ಬರುವಾಗ ಕಣ್ಣಿಗೆ ಪ್ಲಾಸ್ಟಿಕ್ಕಿನ ತೂತುತೂತು ಬಟ್ಟಲು ಅಂಟಿಸಿಕೊಂಡು ಟ್ಯಾಕ್ಸಿಯಲ್ಲಿ ಪವಾಯಿಗೆ ಬಂದೆವು. ಆಪರೇಷನ್ನಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮೂರು ಬೆಳಕಿನ ಉಂಡೆಗಳು ನೀರಿನಲ್ಲಿ ತೇಲಿದಂತೆ ತೇಲಿದವು, ಯಾರೋ ಕಣ್ಣಿಗೆ ನೀರು ಹನಿಸಿದರು, ನಾನು ನನಗೆ ಬರುವ ಸ್ತೋತ್ರಗಳನ್ನೆಲ್ಲ ಅರ್ಧರ್ಧ ಹೇಳಿಕೊಂಡೆ. ಯಾವುದೂ ಪೂರ್ತಿಯಾಗುವ ಮೊದಲೇ ಡಾಕ್ಟರಮ್ಮ ‘ಹೋ ಗಯಾ ಆಂಟಿ’ ಅಂದುಬಿಟ್ಟರು.

ಮರುದಿನ ಬಟ್ಟಲು ತೆಗೆದಾಗ ಪ್ರಪಂಚಕ್ಕೆ ಯಾರೋ ನೀಲಿ ಹಾಕಿ ಒಗೆದಂತಿತ್ತು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರೆ ನಮ್ಮ ಹಾಲ್‌ನ ಗೋಡೆ ಹಳೇ ತುಪ್ಪದ ಬಣ್ಣ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದರೆ ಅದೇ ಗೋಡೆ ಮಲ್ಲಿಗೆ ಹೂವು. ಇಷ್ಟು ವರ್ಷ ನಾನು ಕಂಡದ್ದರಲ್ಲಿ ಬಣ್ಣ ಎಷ್ಟು, ನನ್ನ ಕಣ್ಣಿನ ಕೊಳೆ ಎಷ್ಟು ಎಂದು ಒಂದು ಗಳಿಗೆ ಗಾಬರಿಯಾಯಿತು. ಆ ಸಂತೋಷದ ಬೆನ್ನಿಗೇ ಉಳಿದದ್ದೆಲ್ಲ ಬಂತು. ಕಣ್ಣಲ್ಲಿ ರವೆಯ ಕಾಳು ಬಿದ್ದಂತೆ ಸದಾ ಕಿರಿಕಿರಿ. ಸಂಜೆ ಪವಾಯಿ ಕೆರೆಯ ರಸ್ತೆಯ ದೀಪಗಳು ಹತ್ತಿಕೊಂಡರೆ ಒಂದೊಂದು ದೀಪಕ್ಕೂ ಸುತ್ತ ಕೋಡುಬಳೆಯಂಥ ಬೆಳಕಿನ ಬಳೆ. ಟ್ಯೂಬ್‌ಲೈಟಿನ ಕೆಳಗೆ ತಲೆ ಆಡಿಸಿದರೆ ಮೂಲೆಯಲ್ಲಿ ಏನೋ ಮಿಣಮಿಣ. ಎಲ್ಲಕ್ಕಿಂತ ಹೆಚ್ಚಾಗಿ, ಈ ಕಪ್ಪು ಸೀರೆಯವಳು.

ನಮ್ಮ ಮನೆಯಲ್ಲಿ ಇರುವುದು ಮೂವರು. ನಾನು, ನನ್ನ ಗಂಡ ಮೂರ್ತಿ, ಅವರ ತಾಯಿ. ಮೂರ್ತಿ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ರಿಟೈರ್ ಆದವರು. ಯಂತ್ರ ಕೆಟ್ಟಿದ್ದರೆ ಸದ್ದು ಮಾಡುತ್ತದೆ, ಸದ್ದು ಮಾಡದಿದ್ದರೆ ಕೆಟ್ಟಿಲ್ಲ ಎನ್ನುವುದು ಅವರ ಸಿದ್ಧಾಂತ. ನನ್ನ ಸೇವೆಯನ್ನೇನೋ ಅವರು ಮನಸಾರೆ ಮಾಡಿದರು. ತಲೆಗೆ ನೀರು ಹಾಕಬಾರದು, ಬಗ್ಗಬಾರದು, ಒಲೆಯ ಮುಂದೆ ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅಡುಗೆಮನೆ ಅವರ ವಶವಾಯಿತು. ಮೂರು ದಿನ ಮೂರು ಹೊತ್ತೂ ಉಪ್ಪಿಟ್ಟು ತಿಂದೆವು. ನಾನು ದೂರಲಿಲ್ಲ. ದೂರಿದ್ದು ನೆರಳಿನ ಬಗ್ಗೆ ಮಾತ್ರ.

ನಾಲ್ಕನೆಯ ದಿನ ಮತ್ತೆ ದಾದರಿಗೆ ಹೋದೆವು. ಹೊರಗೆ ಬೆಂಚುಗಳ ತುಂಬ ನನ್ನಂಥವರೇ. ಡಾಕ್ಟರಮ್ಮ ಮಗಳ ವಯಸ್ಸಿನವರು, ಒಳ್ಳೆಯವರು, ಆದರೆ ಅವಸರದಲ್ಲಿದ್ದರು. ಕಣ್ಣಿನ ಪಾಪೆ ದೊಡ್ಡದಾಗುವ ಹನಿ ಹಾಕಿಸಿ, ಒಳಗೆಲ್ಲ ಬೆಳಕು ಬಿಟ್ಟು ನೋಡಿ, ‘ಕಣ್ಣಿನ ಹಿಂದಿನ ಪರದೆ ಚೆನ್ನಾಗಿದೆ, ಲೆನ್ಸ್ ಸರಿಯಾಗಿ ಕೂತಿದೆ. ಸಬ್ ಠೀಕ್ ಹೈ ಆಂಟಿ, ಥೋಡಾ ಟೈಮ್ ದೋ’ ಅಂದರು, ಸ್ವಲ್ಪ ಕಾಲ ಕೊಡಿ ಎಂದು. ನಾನು ನೆರಳು ಎನ್ನುವಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿತ್ತು.

ಟ್ಯಾಕ್ಸಿಯಲ್ಲಿ ಮೂರ್ತಿ ಹೇಳಿದರು: “ನೋಡು ವಿಮಲ, ಎಲ್ಲ ಸರಿ ಇದೆ ಅಂದ್ರಲ್ಲ. ಇನ್ನೇನು?”

“ಸರಿ ಇದ್ರೆ ಇದು ಯಾಕ್ರೀ ಕಾಣ್ಸತ್ತೆ?”

“ಅದನ್ನೇ ನೋಡ್ತಾ ಕೂತ್ರೆ ಕಾಣ್ದೆ ಇನ್ನೇನು? ಮನಸ್ಸಿಗೆ ಹಚ್ಕೋಬೇಡ. ಫಾಲ್ತೂ ಟೆನ್ಷನ್.”

ಇದ್ದದ್ದನ್ನು ಇದೆ ಎಂದು ಹೇಳಿ ನಂಬಿಸಲಾಗದಿದ್ದರೆ ಎಷ್ಟು ಒಂಟಿತನವಾಗುತ್ತದೆ ಎಂದು ನನಗೆ ಆ ತನಕ ಗೊತ್ತಿರಲಿಲ್ಲ. ನೋವಾದರೆ ಬಾವು ತೋರಿಸಬಹುದು, ಜ್ವರವಾದರೆ ಥರ್ಮಾಮೀಟರ್ ಸಾಕ್ಷಿ ಹೇಳುತ್ತದೆ. ನನಗೊಬ್ಬಳಿಗೇ ಕಾಣುವ ನೆರಳಿಗೆ ನಾನೊಬ್ಬಳೇ ಸಾಕ್ಷಿ. ಒಳಗೊಳಗೇ ಹೆದರಿಕೆ ಬೇರೆ: ಪರದೆಯೇ ಕಿತ್ತುಬರುತ್ತಿದ್ದರೆ? ಈ ಕಣ್ಣೇ ಹೋದರೆ?

ಮಧ್ಯಾಹ್ನ ಹಾಲ್‌ನಲ್ಲಿ ಕೂತು ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದು ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಮೂರ್ತಿ ತರಕಾರಿಗೆಂದು ಕೆಳಗಿಳಿದಿದ್ದರು. ಅತ್ತೆ ಬಾಲ್ಕನಿಯ ಕುರ್ಚಿಯಿಂದ ಎದ್ದು, ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತರು. ಅವರಿಗೆ ಎಂಬತ್ನಾಲ್ಕು. ಮಾತು ಕಡಿಮೆ.

“ಯಾವ ಕಡೆ ವಿಮಲ? ಕಿವಿ ಕಡೆನಾ?” ಅಂದರು.

“ಏನತ್ತೆ?”

“ನೆರಳು.”

ನಾನು ಅವರತ್ತ ತಿರುಗಿದೆ. “ಹೌದು, ಕಿವಿ ಕಡೆ.”

“ಬಿದಿಗೆ ಚಂದ್ರನ ಥರ ಬಾಗಿದೆಯಾ?”

“ಹೌದು.”

“ಬಿಸಿಲಿಗೆ ಹೋದ್ರೆ ಜಾಸ್ತಿ?”

“ಹೌದತ್ತೆ, ಹೌದು!”

ಅವರು ತಮ್ಮ ಸೆರಗಿನ ಅಂಚನ್ನು ಎತ್ತಿ, ನನ್ನ ಬಲಗಣ್ಣಿನ ಪಕ್ಕಕ್ಕೆ ಗೋಡೆಯ ಹಾಗೆ ಹಿಡಿದರು. “ಈಗ?”

ನೆರಳು ಸಣ್ಣದಾಯಿತು. ದಾರಿಗೆ ಅಡ್ಡ ನಿಂತವರು ‘ಹೋಗಿ’ ಎಂದು ಪಕ್ಕಕ್ಕೆ ಸರಿದಂತೆ. “ನಿಮಗೆ ಹೇಗೆ ಗೊತ್ತತ್ತೆ?”

“ಎಂಟು ವರ್ಷ ಆಯ್ತಲ್ಲೇ, ನನಗೆ ಬಂದು.”

ಆಗ ಎಲ್ಲ ನೆನಪಾಯಿತು. ಎಂಟು ವರ್ಷದ ಹಿಂದೆ ಅತ್ತೆಯ ಬಲಗಣ್ಣಿನ ಪೊರೆ ತೆಗೆಸಿದ್ದೆವು. ಬೇರೆ ಆಸ್ಪತ್ರೆ, ಬೇರೆ ಡಾಕ್ಟರು, ಅವರೂ ಎಲ್ಲ ಸರಿಯಿದೆ ಎಂದೇ ಹೇಳಿದ್ದರು. ಅತ್ತೆ ಮಾತ್ರ, ಪಕ್ಕದಲ್ಲಿ ಯಾರೋ ನಿಂತ ಹಾಗಾಗುತ್ತೆ ಎಂದು ಎರಡು ವಾರ ಹೇಳಿದ್ದರು. ಆಗ ನಾನಿನ್ನೂ ಕೆಲಸದಲ್ಲಿದ್ದೆ. ಇಡೀ ದಿನ ಶಾಲೆಯಲ್ಲಿ ‘ಟೀಚರ್ ಹೊಟ್ಟೆನೋವು’ ಎನ್ನುವ ಮಕ್ಕಳಲ್ಲಿ ನಿಜವಾದ ಹೊಟ್ಟೆನೋವು ಯಾರದ್ದು, ಗಣಿತದ ಹೊಟ್ಟೆನೋವು ಯಾರದ್ದು ಎಂದು ಮುಖ ನೋಡಿಯೇ ತೀರ್ಪು ಕೊಟ್ಟು ಮನೆಗೆ ಬರುತ್ತಿದ್ದವಳು. ಅದೇ ಪರಿಣತಿಯಿಂದ ಅತ್ತೆಯ ಮುಖವನ್ನೂ ನೋಡಿ ತೀರ್ಪು ಕೊಟ್ಟಿದ್ದೆ: “ಏನಿಲ್ಲ ಅತ್ತೆ, ಮನಸ್ಸಿಗೆ ಹಚ್ಕೋಬೇಡಿ.” ಎರಡು ವಾರವಾದ ಮೇಲೆ ಅವರು ಹೇಳುವುದನ್ನು ನಿಲ್ಲಿಸಿದರು. ವಾಸಿಯಾಯಿತು ಎಂದುಕೊಂಡೆವು.

ಎಡಗಣ್ಣಿಗೆ ಆಪರೇಷನ್ ಎಂದಾಗ ಅತ್ತೆ ಬೇಡವೆಂದರು. ನಾವು ಅದನ್ನು ಹಠ ಎಂದು ಕರೆದೆವು. ಮೈಸೂರಿನ ನೆಂಟರಿಗೆ ಫೋನಿನಲ್ಲಿ, ‘ಅಮ್ಮ ಕೇಳೋದೇ ಇಲ್ಲ’ ಎಂದು ಹೇಳಿಕೊಂಡೆವು. ಈ ಹೊತ್ತಿಗೆ ಆ ಕಣ್ಣಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಎಡಗಡೆ ಇಟ್ಟ ಲೋಟವನ್ನು ಅವರು ಕೈಯಿಂದ ತಡವಿ ಹುಡುಕುತ್ತಿದ್ದರು. ಮತ್ತೆ ಆ ಸೆರಗು! ಎಂಟು ವರ್ಷದಿಂದ ಅವರು ಹೊರಗೆ ಹೊರಟರೆ ತಲೆಯ ಮೇಲೆ ಸೆರಗೆಳೆದು ಬಲಗೆನ್ನೆಯ ಮೇಲೆ ಹಿಡಿದುಕೊಳ್ಳುತ್ತಿದ್ದರು. ‘ನಮ್ಮತ್ತೆ ಪೂರ್ತಿ ಮರಾಠಿ ಆಜಿ ಆಗ್ಬಿಟ್ರು’ ಎಂದು ಬಿಲ್ಡಿಂಗಿನ ಹೆಂಗಸರ ಮುಂದೆ ನಾನು ತಮಾಷೆ ಮಾಡಿದ್ದೆ. ಅವರು ಬಿಸಿಲನ್ನು ತಡೆಯುತ್ತಿದ್ದರು, ಅಷ್ಟೆ. ಯಾರೂ ಹೇಳಿಕೊಡದೆ ತಾವೇ ಕಂಡುಹಿಡಿದ ಔಷಧವದು.

“ಯಾಕತ್ತೆ ಮತ್ತೆ ಹೇಳ್ಲಿಲ್ಲ?” ಅಂದೆ.

“ಹೇಳಿದ್ನಲ್ಲೇ. ನೀನು ಮನಸ್ಸಿಗೆ ಹಚ್ಕೋಬೇಡಿ ಅಂದೆ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಹಚ್ಕೊಂಡಿದ್ದು ಮನಸ್ಸಿಗಲ್ಲ, ಕಣ್ಣಿಗೆ. ಅದನ್ನ ಹೆಂಗೆ ಹೇಳೋದು ಅಂತ ನನಗೆ ಗೊತ್ತಾಗ್ಲಿಲ್ಲ. ಆಮೇಲೆ ಇನ್ನೊಂದು ಕಣ್ಣಿಗೂ ಬಂದ್ರೆ ಯಾರ ಹತ್ರ ಹೇಳ್ಲಿ ಅಂತ ಬೇಡ ಅಂದ್ಬಿಟ್ಟೆ.”

ನನಗೆ ಅಳು ಬಂತು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅತ್ತೆ ಗಾಬರಿಯಾಗಿ, “ಅಯ್ಯೋ, ಅಳಬೇಡ್ವೇ! ಕಣ್ಣು ಒರೆಸಿಕೊಳ್ಳೋ ಹಾಗಿಲ್ಲ ನೀನು” ಎಂದು ತಮ್ಮ ಸೆರಗಿನಿಂದ ಕೆನ್ನೆಯನ್ನು ಮಾತ್ರ, ಕಣ್ಣಿನಿಂದ ಎರಡು ಬೆರಳು ಕೆಳಗೆ, ಅಳೆದು ಅಳೆದು ಒರೆಸಿದರು. ಡಾಕ್ಟರ ಅಪ್ಪಣೆಯನ್ನು ಅಷ್ಟು ಅಚ್ಚುಕಟ್ಟಾಗಿ ಪಾಲಿಸುವವರ ಮುಂದೆ ಅಳುವುದಾದರೂ ಹೇಗೆ? ನಗು ಬಂತು. ನಗುವಾಗ ಕ್ಷಮೆಯನ್ನೂ ಕೇಳಿಬಿಟ್ಟೆ. “ಸರಿ ಬಿಡು, ಟೀಚರಮ್ಮ” ಅಂದರು.

ಅಂದಿನಿಂದ ನನ್ನ ಕಣ್ಣಿನ ಉಸ್ತುವಾರಿ ಅತ್ತೆಯದಾಯಿತು. ಕಿಟಕಿ ಎಡಕ್ಕೆ ಬರುವಂತೆ ಕೂರಬೇಕು, ಹೊರಗೆ ಹೋದರೆ ಅಗಲ ಕಡ್ಡಿಯ ಕನ್ನಡಕ ಹಾಕಬೇಕು, ನೆರಳನ್ನು ಹಿಡಿಯಲು ಹೋಗದೆ ಅದರ ಪಾಡಿಗೆ ಬಿಡಬೇಕು. ಬೆಳಗ್ಗೆ ಕಾಫಿಗೆ ಮೊದಲು, “ಇವತ್ತು ಎಷ್ಟಿದೆ?” ಎಂದು ವಿಚಾರಣೆ. ನಾನು ಎರಡು ಬೆರಳಿನ ನಡುವೆ ಅಳತೆ ತೋರಿಸುತ್ತಿದ್ದೆ. ಅವರು ತಮ್ಮದನ್ನು ತೋರಿಸುತ್ತಿದ್ದರು. ಮೂವತ್ತೈದು ವರ್ಷ ಒಂದೇ ಮನೆಯಲ್ಲಿದ್ದು ನಾವು ಉಪ್ಪು ಹುಳಿ ಬಿಟ್ಟು ಬೇರೆ ಮಾತಾಡಿದ್ದೇ ಕಡಿಮೆ. ಇಬ್ಬರಿಗೂ ಸೇರಿದ್ದೊಂದು ಈಗ ಸಿಕ್ಕಿತ್ತು, ಅದೂ ಇಲ್ಲದ ಒಂದು ವಸ್ತು. ವಿಚಿತ್ರವೆಂದರೆ ನನ್ನ ಹೆದರಿಕೆ ಆ ವಾರವೇ ಹೊರಟುಹೋಯಿತು. ನೆರಳು ಹೋಗಿರಲಿಲ್ಲ.

ಮುಂದಿನ ಬಾರಿ ದಾದರಿಗೆ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗುತ್ತೇನೆ ಎಂದೆ. “ಅಮ್ಮ ಯಾಕೆ ಈ ಟ್ರಾಫಿಕ್ಕಲ್ಲಿ?” ಎಂದರು ಮೂರ್ತಿ. “ಅವರಿಗೂ ಕಣ್ಣಿದೆ, ಅದಕ್ಕೆ” ಎಂದೆ. ಅವರು ಟ್ಯಾಕ್ಸಿ ಕರೆದರು.

ಆ ದಿನ ಬೆಂಚುಗಳು ಖಾಲಿ ಇದ್ದವು. ಅತ್ತೆ ತರಕಾರಿಯವರಿಂದ ಕಲಿತ ತಮ್ಮ ಮರಾಠಿಯಲ್ಲಿ, ಕೈಸನ್ನೆಯಲ್ಲಿ, ನಡುನಡುವೆ ಕನ್ನಡದಲ್ಲಿ ಎಂಟು ವರ್ಷದ ಕತೆಯನ್ನು ಡಾಕ್ಟರಮ್ಮನಿಗೆ ಹೇಳಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಕಣ್ಣು ಪರೀಕ್ಷೆ ಮಾಡಿದ ಮೇಲೆ ಒಂದು ಚೀಟಿಯಲ್ಲಿ ಕಣ್ಣು ಬರೆದು, ಅದರ ಅಂಚಿಗೆ ಕಪ್ಪು ಗೀರು ಬಾಗಿಸಿ ತೋರಿಸಿದರು. “ಹೇಚ್! ಇದೇ!” ಎಂದು ಅತ್ತೆ ಚೀಟಿಯನ್ನು ಕಸಿದುಕೊಂಡರು.

“ಆಜಿ, ತುಮ್ಹಿ ಬರೋಬರ್ ಸಾಂಗ್ತಾ” ಎಂದರು ಡಾಕ್ಟರಮ್ಮ. ನೀವು ಹೇಳುವುದು ಸರಿ ಎಂದು. ಒಳಗೆ ಕೂರಿಸುವ ಲೆನ್ಸು ನಮ್ಮ ಹುಟ್ಟುಲೆನ್ಸಿಗಿಂತ ಚಿಕ್ಕದಂತೆ; ಪಕ್ಕದಿಂದ ಬಂದ ಬೆಳಕು ಕೆಲವರಲ್ಲಿ ಒಂದು ಸಂದು ಬಿಟ್ಟು ಬೀಳುತ್ತದಂತೆ, ಆ ಸಂದೇ ನೆರಳಾಗಿ ಕಾಣುತ್ತದಂತೆ. ಬಹಳ ಮಂದಿಗೆ ಕೆಲವು ತಿಂಗಳಲ್ಲಿ ಮಾಸುತ್ತದೆ, ಕೆಲವರಿಗೆ ಉಳಿಯುತ್ತದೆ, ಅಪಾಯವೇನಿಲ್ಲ ಎಂದರು. ಅತ್ತೆಗೆ ಆ ವಿವರ ಯಾವುದೂ ಬೇಕಿರಲಿಲ್ಲ. “ಕೇಳಿಸ್ತೇನೋ ಮೂರ್ತಿ?” ಎಂದರು. ಮೂರ್ತಿ ತಮ್ಮ ಚಪ್ಪಲಿ ನೋಡಿಕೊಳ್ಳುತ್ತ “ಕೇಳಿಸ್ತಮ್ಮ” ಎಂದರು.

ಎಡಗಣ್ಣಿಗೆ ಈಗಲೂ ಆಪರೇಷನ್ ಮಾಡಬಹುದು, ಆದರೆ ಅಲ್ಲೂ ನೆರಳು ಬರುವುದೇ ಇಲ್ಲ ಎಂದು ಮಾತು ಕೊಡಲಾರೆ ಎಂದರು ಡಾಕ್ಟರಮ್ಮ. ಅದನ್ನು ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ನನ್ನ ಕಡೆ ತಿರುಗಿದರು.

“ಬಂದ್ರೆ ಹೇಳ್ಬೋದು ತಾನೆ?”

“ಹೇಳ್ಬೋದು ಅತ್ತೆ.”

“ಹಾಗಾದ್ರೆ ಮಾಡ್ಲಿ.”

ಮುಂದಿನ ತಿಂಗಳು ಮಾಡಿಸಿದೆವು. ನೆರಳು ಬರಲಿಲ್ಲ. ಈಗ ಅತ್ತೆ ಎಡಗಡೆಯ ಲೋಟವನ್ನು ನೋಡಿಯೇ ಎತ್ತಿಕೊಳ್ಳುತ್ತಾರೆ. ಬಾಲ್ಕನಿಯಿಂದ ಎರಡು ಬಿಲ್ಡಿಂಗುಗಳ ನಡುವೆ ಒಂದು ಗೇಣು ಕಾಣುವ ಕೆರೆಯಲ್ಲಿ ಎಷ್ಟು ಕೊಕ್ಕರೆ ಕೂತಿವೆ ಎಂದು ನಮಗೆ ಹೇಳುತ್ತಾರೆ. ನನ್ನ ಕಪ್ಪು ಸೀರೆಯವಳು ಬರಬರುತ್ತ ತೆಳ್ಳಗಾಗಿದ್ದಾಳೆ. ನಡು ಬಿಸಿಲಲ್ಲಿ ಹುಡುಕಿದರೆ ಮಾತ್ರ ಇದ್ದಾಳೆ.

ಆ ಆಪರೇಷನ್ ಆದಾಗ ಅತ್ತೆಗೆ ಕಣ್ಣಿನ ಹನಿ ಹಾಕುವ ಕೆಲಸ ಮೂರ್ತಿಯದಾಗಿತ್ತು. ಎರಡನೆಯ ದಿನ ಬೆಳಗ್ಗೆ ನಾನು ಅಡುಗೆಮನೆಯಲ್ಲಿದ್ದೆ. ಅತ್ತೆ “ಉರೀತದೆ ಕಣೋ” ಎಂದದ್ದು ಕೇಳಿಸಿತು. ಹನಿ ಉರಿಯುವಂಥದ್ದಲ್ಲ ಎಂದು ಎಂಜಿನಿಯರ್ ಸಾಹೇಬರು ಈಗ ವಿವರಿಸುತ್ತಾರೆ ಎಂದುಕೊಂಡು ಬಾಗಿಲಿಗೆ ಬಂದೆ. ಅವರು ಬಾಯಿ ತೆರೆದಿದ್ದರು ಕೂಡ. ಮುಚ್ಚಿದರು. ಬಾಟಲಿಯ ಮುಚ್ಚಳ ತಿರುಗಿಸಿ ಕೆಳಗಿಟ್ಟು ತಾಯಿಯ ಎದುರು ಕುಕ್ಕರುಗಾಲಲ್ಲಿ ಕೂತರು.

“ಎಷ್ಟು ಉರೀತಿದೆ ಅಮ್ಮ?”

ಅತ್ತೆ ಮುಚ್ಚಿದ ಕಣ್ಣಲ್ಲೇ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

“ಈಗ ಅಷ್ಟಿಲ್ಲ” ಎಂದರು.