ಅಕ್ಕನ ಮಜ್ಜಿಗೆ, ಗೋವಾದ ಚಿಪ್ಪು

ಮೊನ್ನೆ ಇಂಡಿ ಊರಿನ ನಮ್ಮ ಮನೆಯಲ್ಲಿ ಲಿಂಬೆಹಣ್ಣು ಹೆಚ್ಚುತ್ತಿದ್ದೆ. ಇಂಡಿಯವರಿಗೆ ಲಿಂಬೆಯ ವಾಸನೆ ಗಾಳಿಯಷ್ಟೇ ಸಾಮಾನ್ಯ. ನಾನು ಮಾತ್ರ ಮುಖ ಆಚೆ ತಿರುಗಿಸಿಯೇ ಹೆಚ್ಚುತ್ತೇನೆ. ಅವತ್ತು ನಮ್ಮೂರು ಗೊಳಸಂಗಿಯಿಂದ ಅಕ್ಕ ಬಂದಿದ್ದಳು. ನನ್ನ ಹೆಂಡತಿ ಮಜ್ಜಿಗೆ ತಂದಿಟ್ಟರೆ ಅಕ್ಕ ಲೋಟ ಸರಿಸಿ, "ಬ್ಯಾಡವ್ವಾ, ಮಜ್ಜಿಗಿ ನನಗ ಒಗ್ಗೂದಿಲ್ಲ" ಅಂದಳು. ಆರು ವರ್ಷದಿಂದ ಹೀಗೇ ಅನ್ನುತ್ತಾಳೆ. ಅದಕ್ಕೆ ಕಾರಣ ನಾನು. ಮೊದಲು ನಿಮಗೆ ಹೇಳಿಬಿಡುತ್ತೇನೆ.

ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ದುಡಿಮೆಗೆ ಬಿದ್ದವನು ಕೊನೆಗೆ ಗೋವಾದ ಒಂದು ಹೋಟೆಲಿಗೆ ಸೇರಿದೆ. ಊರಿಗೆಲ್ಲ ಹೆಡ್ ಕುಕ್ ಅಂತ ಹೇಳಿಕೊಂಡಿದ್ದೆ. ತೊಳೆಯುತ್ತಿದ್ದದ್ದು ತಾಟು. ಅಲ್ಲಿ ಸಮುದ್ರದ ಬಂಡೆಗೆ ಅಂಟಿ ಬೆಳೆಯುವ ಒಂದು ಚಿಪ್ಪನ್ನು ದೊಡ್ಡ ಮಂದಿ ಹಸಿಯಾಗಿಯೇ ತಿನ್ನುತ್ತಿದ್ದರು. ಒಳಗಿನ ಮಾಂಸ ನೋಡಿದರೆ ನೆಗಡಿಯಾದ ಮೂಗು ನೆನಪಾಗುತ್ತದೆ. ಅದರ ಮೇಲೆ ಲಿಂಬೆ ಹಿಂಡಿ, ಗುಳುಂ. ನಾಲ್ಕು ವರ್ಷ ಆ ಚಿಪ್ಪು ತೊಳೆದೆ, ಒಂದನ್ನೂ ನಾಲಿಗೆಗೆ ಹಚ್ಚಲಿಲ್ಲ.

ಒಮ್ಮೆ ಊರಿಗೆ ಹೊರಟಾಗ ಅಲ್ಲಿಯ ನಿಜವಾದ ಕುಕ್, ನಮ್ಮ ಕಡೆಯ ಸಿಂದಗಿಯವನೇ, ಒಂದು ಡಜನ್ ಚಿಪ್ಪು ಡಬ್ಬಿಗೆ ತುಂಬಿ ಕೊಟ್ಟ. "ಬರ್ಫದಾಗ ಇಡು. ಸಿಹಿನೀರು ಹಾಕಬ್ಯಾಡ, ಸಾಯ್ತಾವ. ಬಾಯಿ ತೆರದದ್ದನ್ನ ಬೆರಳಿಂದ ಬಡಿ. ಜೀವ ಇದ್ರ ಮುಚ್ಚತೈತಿ. ಮುಚ್ಚದಿದ್ರ ಸತ್ತೈತಿ, ತಿಪ್ಪಿಗೆ ಒಗಿ" ಅಂದ.

ಹುಬ್ಬಳ್ಳಿಗೆ ಬರುವಷ್ಟರಲ್ಲಿ ಬರ್ಫ ಕರಗಿತ್ತು. ಬಂದವರಿಗೆ ಮೊದಲು ಒಂದು ಚರಿಗೆ ನೀರು ಕೊಡುವ ಸೀಮೆಯವನು ನಾನು. ಪಾಪ, ಇವಕ್ಕೂ ಬಾಯಾರಿರಬೇಕು ಅಂತ ಬಸ್‌ಸ್ಟ್ಯಾಂಡಿನ ನಳದಿಂದ ಡಬ್ಬಿ ತುಂಬಿಸಿದೆ.

ಗೊಳಸಂಗಿಯ ಅಕ್ಕನ ಮನೆಯಲ್ಲಿ ಮುಚ್ಚಳ ತೆಗೆದರೆ ಹನ್ನೆರಡೂ ಬಾಯಿ ತೆರೆದು ಬಿದ್ದಿದ್ದವು. ಬಡಿದೆ. ಮತ್ತೆ ಬಡಿದೆ. ಒಂದೂ ಮುಚ್ಚಲಿಲ್ಲ.

"ಏನ ತಮ್ಮಾ, ಬಾಗಲಾ ಬಡದಂಗ ಬಡ್ಯಾಕತ್ತಿ?" ಅಂದಳು ಅಕ್ಕ.

"ರುಚಿ ಏಳ್ತೈತಿ."

"ಖಾರ ಹಾಕಿ ಕುದಸಲೇನ?"

"ಕುದಿಸಿದ್ರ ಗೋವಾದ ಮಂದಿ ನಗ್ತಾರ ಅಕ್ಕಾ."

ಓಣಿಯ ಮಂದಿ ನೋಡಲು ಬಂದಿದ್ದರು. ಆಗ ಎಸೆದಿದ್ದರೆ ನನ್ನ ಹೆಡ್ ಕುಕ್ ಪದವಿಯೂ ತಿಪ್ಪೆಗೆ ಹೋಗುತ್ತಿತ್ತು. ಲಿಂಬೆ ಹಿಂಡಿ ಕೊಟ್ಟೆ. ಅಕ್ಕನ ಗಂಡ, ಅಂದರೆ ನಮ್ಮ ಮಾಮಾ, ಮೂಸಿ ನೋಡಿ, "ಎಮ್ಮಿ ಮೈ ತೊಳದ ನೀರಿನಂಗ ಐತಿ" ಅಂತ ಎದ್ದು ಒಂದು ಲೋಟ ಮಜ್ಜಿಗೆ ಕುಡಿದರು. ಅಕ್ಕ ಮಾತ್ರ ತಮ್ಮನ ಮರ್ಯಾದೆಗೆ ಕಣ್ಣು ಮುಚ್ಚಿ ಮೂರು ನುಂಗಿದಳು. ಮೇಲೆ ತಾನೂ ಮಜ್ಜಿಗೆ ಕುಡಿದಳು.

"ನೀ ತಿನ್ನೂದಿಲ್ಲೇನ?"

"ದಿನಾ ತಿಂದು ಬ್ಯಾಸರಾಗೇತಿ."

ಸಂಜೆಗೆ ವಾಂತಿ, ಭೇದಿ, ಬಸವನ ಬಾಗೇವಾಡಿಯ ದವಾಖಾನೆ. ಕೈಗೆ ಸಲಾಯಿನ್ ಹಚ್ಚಿದ್ದರು, ಅಕ್ಕನಿಗೆ ಮಾತಾಡುವ ತ್ರಾಣವೂ ಇರಲಿಲ್ಲ. ಡಾಕ್ಟರು, "ಏನ್ ತಿಂದಾರ?" ಅಂತ ಕೇಳಿದರು. ಸುತ್ತ ನಮ್ಮ ಓಣಿಯವರೇ. ನನ್ನ ಬಾಯಿಂದ ಬಂದದ್ದು, "ಮಜ್ಜಿಗಿ ಕುಡದಿದ್ಲುರಿ. ಬಾಳ ಹುಳಿ ಬಂದಿತ್ತು." ಅದೇ ಮಜ್ಜಿಗೆ ಕುಡಿದ ಮಾಮಾ ಹೊರಗೆ ಗಟ್ಟಿಮುಟ್ಟಾಗಿ ಬೀಡಿ ಸೇದುತ್ತ ನಿಂತಿದ್ದರು.

ಎರಡು ದಿನಕ್ಕೆ ಮನೆಗೆ ಬಂದ ಅಕ್ಕ ಮೊದಲು ಮೊಸರಿನ ಗಡಿಗೆ ಒಡೆದಳು. "ಅಷ್ಟು ದೂರದಿಂದ ಛಲೋದು ತಂದಿದ್ದಿ ತಮ್ಮಾ. ನನ್ನ ಹಾಳ ಮಜ್ಜಿಗಿ ಎಲ್ಲಾ ಕೆಡಿಸ್ತು" ಅಂದಳು. ನಾನು ಹೂಂ ಅಂದೆ.

ಮೊನ್ನೆ ಲಿಂಬೆಯ ಹೋಳು ಹಿಡಿದುಕೊಂಡೇ ಅಕ್ಕನಿಗೆ ಎಲ್ಲ ಹೇಳಿದೆ. ತಾಟು ತೊಳೆದದ್ದು, ನಳದ ನೀರು, ಬಡಿದರೂ ಬಾಯಿ ಮುಚ್ಚದೆ ಸತ್ತಿದ್ದ ಚಿಪ್ಪು, ಡಾಕ್ಟರಿಗೆ ಹೇಳಿದ ಸುಳ್ಳು.

ಅಕ್ಕ ತಾನು ಸರಿಸಿಟ್ಟ ಮಜ್ಜಿಗೆ ಲೋಟದ ಕಡೆ ನೋಡಿದಳು. "ಆರು ಬ್ಯಾಸಗಿ" ಅಂದಳು. ನಮ್ಮ ಕಡೆಯ ಬೇಸಿಗೆ ಕಂಡವರಿಗೆ ಅಷ್ಟು ಸಾಕು. ಏನಾದರೂ ಹೇಳಬೇಕೆಂದು ನಾನು ಬಾಯಿ ತೆರೆದೆ. ತೆರೆದದ್ದು ಹಾಗೇ ಉಳಿಯಿತು.

ಆಕೆ ಎದ್ದು ಬಂದು ಬೆರಳು ಮಡಚಿ ನನ್ನ ತಲೆಗೆ ಟಕ್ಕೆಂದು ಮೊಟಕಿದಳು. ಬಾಯಿ ತಾನೇ ಮುಚ್ಚಿತು.

"ಮುಚ್ಚಿದ ನೋಡವ್ವಾ. ಇನ್ನೂ ಜೀವ ಐತಿ. ಇವನ್ನ ಒಗಿಯೂದು ಬ್ಯಾಡ" ಅಂದಳು ನನ್ನ ಹೆಂಡತಿಗೆ. "ಮಜ್ಜಿಗಿ ತಾ. ಮೊದಲ ಇವಂಗ ಕುಡಸು."

ಕುಡಿದೆ. ಅಕ್ಕ ನನ್ನ ಮುಖವನ್ನೇ ನೋಡುತ್ತ ಕೂತಳು. ಆಮೇಲೆ ತನ್ನ ಲೋಟ ಎತ್ತಿದಳು.