ಕೊಟ್ರಬಸಪ್ಪನ ಕೈ

ಪಿನ್ನು ತೂತಿನೊಳಗೆ ಇಳಿಯುವಾಗ ನಮ್ಮ ಮಾವ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ಕೈ ಪಿನ್ನು ಒತ್ತುವ ಪ್ರೆಸ್ಸಿನ ಹಿಡಿಕೆಯ ಮೇಲೆ, ಇನ್ನೊಂದು ಅಂಗೈ ಅದರ ಕಬ್ಬಿಣದ ಮೈಮೇಲೆ. ಪಿನ್ನು ಮುಲುಗುತ್ತಾ ಒಳಗೆ ಹೋದರೆ ಕಣ್ಣು ತೆರೆದು ಬೀಡಿ ಹಚ್ಚುತ್ತಿದ್ದರು. ಸಲೀಸಾಗಿ ಜಾರಿದರೆ ಆ ತುಂಡನ್ನು ಎತ್ತಿ ರಸ್ತೆಗೇ ಎಸೆಯುತ್ತಿದ್ದರು.

"ತಾನಾಗೇ ಒಳಗ ಹೋದದ್ದು ತಾನಾಗೇ ಹೊರಗ ಬರ್ತೈತಿ" ಎನ್ನುವುದು ಅವರ ಮಾತು. ನಾನು ತಂಬ್ರಹಳ್ಳಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ, ಯಾರೊಂದಿಗೂ ಜಗಳವಾಡದೆ ಹೊಂದಿಕೊಂಡದ್ದನ್ನು ನೋಡಿ ಅತ್ತೆಯ ಹತ್ತಿರವೂ ಇದನ್ನೇ ಹೇಳಿದ್ದರಂತೆ.

ಹೆಸರು ಕೊಟ್ರಬಸಪ್ಪ; ಕಬ್ಬಿಣ ಕಡೆಯುವ ಲೇತ್ ಮಷೀನ್ ಇಟ್ಟುಕೊಂಡಿದ್ದರಿಂದ ಕೊಟ್ಟೂರಿನಲ್ಲಿ ಅವರನ್ನು ಲೇತ್ ಕೊಟ್ರಪ್ಪ ಎನ್ನುತ್ತಿದ್ದರು. ಶೇಂಗಾ ಒಕ್ಕುವ, ಮೆಕ್ಕೆಜೋಳ ಬಿಡಿಸುವ ಯಂತ್ರಗಳ ಗಾಲಿ, ದಂಡ ಜೋಡಿಸುವ ಕಪ್ಲಿಂಗುಗಳಿಗೆ ಪಿನ್ನಿನ ತೂತು ಕೊರೆಯುವುದರಲ್ಲಿ ಅವರದು ಎತ್ತಿದ ಕೈ. ಆ ತೂತು ಪಿನ್ನಿಗಿಂತ ಕೂದಲೆಳೆಯಷ್ಟು ಚಿಕ್ಕದಿರಬೇಕು. ತೀರಾ ಚಿಕ್ಕದಾದರೆ ಗಾಲಿ ಬಿರಿಯುತ್ತದೆ. ದೊಡ್ಡದಾದರೆ ಓಡುವ ಯಂತ್ರದಿಂದ ಪಿನ್ನು ಹಾರಿ ಎದುರಿಗಿದ್ದವನ ಎದೆಗೇ ಬರುತ್ತದೆ. ಕೂಡ್ಲಿಗಿ, ಹಡಗಲಿ ಕಡೆಯವರೂ ದಾರಿಯಲ್ಲಿ ಸಿಗುವ ಲೇತುಗಳನ್ನೆಲ್ಲ ಬಿಟ್ಟು ನಮ್ಮಲ್ಲಿಗೇ ಬರುತ್ತಿದ್ದರು.

ಆ ಕೈ ನಡುಗತೊಡಗಿತು. ಮೊದಲು ಚಹದ ಬಟ್ಟಲಿನಲ್ಲಿ ಕಂಡಿತು, ಆಮೇಲೆ ಕೆಲಸದಲ್ಲಿ. ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಯಂತ್ರ ಜೋಡಿಸುವ ದಾದಾಪೀರ್ ಎಂಬ ಮೇಸ್ತ್ರಿ ಒಂದು ದಿನ ಒಂದು ಕಪ್ಲಿಂಗ್ ತಂದು ಮಾವನ ಮುಂದಿಟ್ಟ. ಅದರ ಪಿನ್ನನ್ನು ಬೆರಳಿನಿಂದಲೇ ಹೊರಗೆ ತೆಗೆದು ತೋರಿಸಿದ.

"ಮಾವಾರ, ಬ್ಯಾಸರ ಮಾಡ್ಕಾಬ್ಯಾಡ್ರಿ. ಇದು ನಿಮ್ ಕೆಲ್ಸ ಅಲ್ಲ."

"ನಿನ್ ಪಿನ್ನೇ ಸವದೈತಿ. ಎದ್ದು ನಡಿ" ಎಂದು ಮಾವ ಅವನನ್ನು ಹೊರಗೆ ಹಾಕಿದರು.

ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಬುತ್ತಿ ಕೊಡಲು ನಾನು ಹೋದರೆ ಅಂಗಡಿಯ ಶಟರ್ ಅರ್ಧ ಎಳೆದು ಕೂತಿದ್ದರು. ನನ್ನ ಗಂಡ ಟೆಂಪೊ ಓಡಿಸುತ್ತಾರೆ. ಮೈದುನ ಮಂಜುನಾಥನದು ಹೊಸಪೇಟೆಯಲ್ಲಿ ಮೊಬೈಲ್ ಅಂಗಡಿ. ಇಬ್ಬರೂ ಮಷೀನಿನ ಕಡೆ ಬಂದವರಲ್ಲ. ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬ್ಲೌಸ್ ಹೊಲಿತೀಯಲ್ಲ, ಅಳತಿ ಗೊತ್ತೈತಿ. ಬಳಿ ತಗಿ, ಸೆರಗು ಕಟ್ಟು" ಎಂದರು.

ಬಳೆಯಿಲ್ಲದ ಕೈಯಲ್ಲಿ ಮನೆಗೆ ಬಂದ ನನ್ನನ್ನು ಕಂಡು ಅತ್ತೆ ಮಾವನ ಮೇಲೆ ರಂಪ ಮಾಡಿದರು. "ಮುತ್ತೈದಿ ಕೈ ಬರಿದು ಮಾಡ್ಸೀಯಲ್ಲ, ನಿನಗೇನರ ಬುದ್ಧಿ ಐತೇನು?"

"ಮುತ್ತೈದಿ ಅಂತ ಮಷೀನಿಗೆ ಗೊತ್ತಾಗಲ್ಲ. ಬಳಿ ಸಿಕ್ಕೊಂಡ್ರ ಕೈನ ಕಿತ್ಕಂತೈತಿ" ಎಂದರು ಮಾವ. ನನ್ನ ಪರವಾಗಿ ಅವರು ಆಡಿದ ಮಾತು ಅದೊಂದೇ.

ಕಲಿಸಿದ್ದು ಬೈಗುಳದಲ್ಲೇ. ತೂತು ಕೊರೆಯುವ ಡ್ರಿಲ್ ಬಿಟ್ಟಿನ ಮೂತಿಯಲ್ಲಿ ಕತ್ತರಿಸುವ ಅಂಚುಗಳು ಎರಡು. ಅವಕ್ಕೆ ಮಾವ ತುಟಿ ಎನ್ನುತ್ತಿದ್ದರು. ಸಾಣೆ ಹಿಡಿಯುವಾಗ ಒಂದು ತುಟಿ ತುಸು ಉದ್ದವಾದರೂ ತೂತು ಅಗಲವಾಗುತ್ತದೆ. "ತುಟಿ ಸೊಟ್ಟ ಆದ್ರ ಬಾಯಿ ಸುಳ್ಳಾಡ್ತೈತಿ, ನೋಡಲೇ" ಎಂದು ಗದರುತ್ತಿದ್ದರು. ಲೇತಿನ ತಿರುಗುವ ಹಿಡಿಯಾದ ಚಕ್ಕಿನಲ್ಲಿ ತುಂಡನ್ನು ಕಟ್ಟಿ, ಅದು ಓಲಾಡದೆ ತಿರುಗುವವರೆಗೂ ಬಿಟ್ಟನ್ನು ಹತ್ತಿರ ತರಗೊಡುತ್ತಿರಲಿಲ್ಲ. ಮೊದಲು ನಡುವಿನಲ್ಲಿ ಸಣ್ಣ ಗುಳಿ, ಆಮೇಲೆ ಬೇಕಾದ ಅಳತೆಗಿಂತ ಚಿಕ್ಕ ತೂತು, ಕೊನೆಗೆ ರೀಮರ್ ಎಂಬ ಉಪಕರಣದಿಂದ, ಎಣ್ಣೆ ಬಿಡುತ್ತಾ, ನಿಧಾನವಾಗಿ, ಆ ಕೂದಲೆಳೆಯಷ್ಟು ಬಾಕಿ ಉಳಿಸಿ ಹೆರೆಯಬೇಕು. ಅವಸರ ಮಾಡಿದರೆ ಮೊಣಕೈಗೆ ಸ್ಪ್ಯಾನರಿನ ಏಟು. ಕೆಟ್ಟ ತುಂಡುಗಳನ್ನು ರಸ್ತೆಗೆ ಎಸೆದು, ನಾಲ್ಕು ಜನ ನೋಡುವಂತೆ ನನ್ನಿಂದಲೇ ಆರಿಸಿ ತರಿಸುತ್ತಿದ್ದರು. ನಾನು ಅತ್ತದ್ದುಂಟು. ಆದರೆ ಮಷೀನ್ ಬಿಟ್ಟು ಏಳಬೇಕು ಎಂದು ಅನಿಸಲಿಲ್ಲ. ನನ್ನ ಕೈಯಿಂದ ಮೊದಲ ಪಿನ್ನು ಮುಲುಗುತ್ತಾ ಒಳಗೆ ಇಳಿದಾಗ ಮೈಯೆಲ್ಲ ಜುಮ್ಮೆಂದಿತು. ಮಾವನ ಮುಖ ನೋಡಿದೆ.

"ಇನ್ನೊಂದು ಕಟ್ಟು" ಎಂದರು, ಅಷ್ಟೇ.

ಅಲ್ಲಿಂದ ಮುಂದೆ ಅಂಗಡಿಯ ತೂತುಗಳೆಲ್ಲ ನನ್ನವೇ. ಗಿರಾಕಿ ಬರುವ ಸದ್ದಾದರೆ ನಾನು ಹಿಂದಿನ ಕೋಣೆಗೆ ಹೋಗಬೇಕು, ಮಾವ ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಮಷೀನಿನ ಮುಂದೆ ನಿಲ್ಲಬೇಕು. ಬಟ್ಟೆಯೊಳಗಿದ್ದರೆ ಕೈ ನಡುಗುವುದು ಕಾಣುತ್ತಿರಲಿಲ್ಲ.

"ಕೊಟ್ರಪ್ಪಣ್ಣಾ, ಈ ವಯಸ್ಸಿನಾಗೂ ಏನು ಕೈಯಪ್ಪಾ ನಿಂದು!" ಎಂದು ಒಬ್ಬ ಹೊಗಳಿದರೆ, "ಎಲ್ಲಾ ಆ ಕೊಟ್ಟೂರೇಶನ ದಯಾ" ಎನ್ನುತ್ತಿದ್ದರು. ಗೋಡೆಯ ಆಚೆಯಿಂದ ನಾನು ಕೇಳಿಸಿಕೊಳ್ಳುತ್ತಿದ್ದೆ. ಉಗುರಿನ ಸಂದಿಯಲ್ಲಿ ಕಬ್ಬಿಣದ ಚೂರು ಚುಚ್ಚುತ್ತಿರುತ್ತಿತ್ತು.

ಒಮ್ಮೆ ದಾದಾಪೀರ್ ಸದ್ದಿಲ್ಲದೆ ಹಿತ್ತಿಲ ಬಾಗಿಲಿನಿಂದ ಬಂದ. ನಾನು ಮಷೀನಿನ ಮೇಲಿದ್ದೆ. ಕೊರೆದು ಮುಗಿಸುವವರೆಗೂ ನಿಂತು ನೋಡಿದ.

"ಅಕ್ಕಾ, ಇಷ್ಟ್ ದಿನ ಇದೆಲ್ಲಾ ನಿಮ್ ಕೈ ಕೆಲ್ಸೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು: "ನಾನು ಸೆಟ್ ಮಾಡಿಟ್ಟಿದ್ದೆ. ಆಕಿ ಹ್ಯಾಂಡಲ್ ಹಿಡ್ಕಂಡಿದ್ಲು, ಅಷ್ಟ."

ಆ ವರ್ಷ ಆಸ್ತಿ ಪಾಲಾಯಿತು. ನಮಗೆ ಮನೆ ಬಂತು. ಅಂಗಡಿಯನ್ನೂ ಲೇತನ್ನೂ ಮಾವ ಮಂಜುನಾಥನಿಗೆ ಬರೆದರು. ಅವನು ದಾವಣಗೆರೆಯ ಹಳೇ ಮಷೀನ್ ವ್ಯಾಪಾರಿಗೆ ಫೋನ್ ಮಾಡಿದ. ಚೈನು ಹಾಕಿ ಲೇತನ್ನು ಲಾರಿಗೆ ಏರಿಸುವಾಗ ಮಾವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಜನರ ಮುಂದೆ ನಾನು ಅವರಿಗೆ ಎದುರು ನಿಂತದ್ದು ಅದೇ ಮೊದಲು.

"ಮಷೀನ್ ನನಗ ಯಾಕ ಕೊಡ್ಲಿಲ್ರಿ?"

ಅವರಿಗೆ ಸಿಟ್ಟು ಬರಲಿಲ್ಲ. ನನ್ನ ಪ್ರಶ್ನೆಯೇ ವಿಚಿತ್ರ ಎಂಬಂತೆ ನೋಡಿದರು.

"ನಿನಗ ಕಲಿಸಿದ್ದು ಮಷೀನ್ ಕೊಡಾಕಲ್ಲಬೇ. ನನ್ ಹೆಸರು ಉಳೀಲಿ ಅಂತ. ಉಳೀತು. ಇನ್ಯಾಕ ಬೇಕು?"

ಅವರ ಬೈಗುಳ, ಏಟು ಎಲ್ಲವನ್ನೂ ಕಲಿಕೆಯ ಲೆಕ್ಕಕ್ಕೆ ಹಾಕಿ ನುಂಗಿಕೊಂಡಿದ್ದೆ. ಈ ಮಾತನ್ನು ಯಾವ ಲೆಕ್ಕಕ್ಕೆ ಹಾಕಲಿ?

ದಾದಾಪೀರ್ ಒಂದು ಹಳೆಯ ಲೇತ್ ಕೊಂಡಾಗ ನನ್ನನ್ನು ಕರೆದ. ಗಂಡ ಬೇಡವೆನ್ನಲಿಲ್ಲ. ದಿನವೂ ಬೆಳಗಿನ ಬಸ್ಸಿಗೆ ಹರಪನಹಳ್ಳಿಗೆ ಹೋಗಿ ಬರತೊಡಗಿದೆ. ಅಲ್ಲಿ ಯಾವ ಹಿಂದಿನ ಕೋಣೆಯೂ ಇರಲಿಲ್ಲ. ಗಿರಾಕಿಗಳು ನನ್ನನ್ನೇ ಕೇಳುತ್ತಿದ್ದರು, ನನ್ನೊಂದಿಗೇ ಜಗಳವಾಡುತ್ತಿದ್ದರು.

ಲೇತ್ ಹೋದ ಮೇಲೆ ಹೊಸಪೇಟೆಯ ಮಂಜುನಾಥನ ಮನೆ ಸೇರಿದ್ದ ಮಾವ ಒಂದು ಮುಂಜಾನೆ ಒಬ್ಬರೇ ಬಸ್ಸು ಹತ್ತಿ ದಾದಾಪೀರನ ಶೆಡ್ಡಿಗೆ ಬಂದರು. ತುಂಬ ಸೊರಗಿದ್ದರು. ದಾದಾಪೀರ್ ಎದ್ದು ನಿಂತು, "ಬರ್ರಿ ಮಾವಾರ, ಕುಂದರ್ರಿ" ಎಂದು ಕುರ್ಚಿ ಕೊಟ್ಟ. ಹಂಪಸಾಗರದ ಕಡೆಯ ಒಬ್ಬ ರೈತ ತನ್ನ ಗಾಲಿಗಾಗಿ ಕಾಯುತ್ತಿದ್ದ. ನಾನು ಕೊರೆದು, ಪಿನ್ನು ಕೂರಿಸಿ, ಅವನ ಕೈಗಿಟ್ಟೆ. ಮಾವ ಅದನ್ನು ಅವನಿಂದ ಈಸಿಕೊಂಡು ಹೆಬ್ಬೆರಳಿನಿಂದ ಸವರಿದರು. ಒಂದು ಕ್ಷಣ, ಈಗಲಾದರೂ ಒಂದು ಒಳ್ಳೆಯ ಮಾತು ಹೇಳುತ್ತಾರೆ ಎಂದುಕೊಂಡೆ.

"ಇದು ನನ್ ಕೈ ನೋಡಪಾ" ಎಂದು ಆ ರೈತನಿಗೆ ನನ್ನನ್ನು ತೋರಿಸಿದರು. ಆಮೇಲೆ ದಾದಾಪೀರನ ಕಡೆ ತಿರುಗಿ, "ನಿನ್ ಬೋರ್ಡಿನ ಮ್ಯಾಲೆ ನನ್ ಹೆಸರು ಬರಸು. ಕೊಟ್ರಬಸಪ್ಪನ ಕೈ ಅಂದ್ರ ಹಡಗಲಿ ಕಡಿಂದ್ಲೂ ಜನ ಬರ್ತಾರ" ಎಂದರು.

ದಾದಾಪೀರ್ ನನ್ನ ಮುಖ ನೋಡಿದ. ಹೂಂ ಎಂದಿದ್ದರೆ ನನಗೇನೂ ಖರ್ಚಿರಲಿಲ್ಲ. ಮಾವ ಸಂತೋಷವಾಗಿ ಹಿಂದಿರುಗುತ್ತಿದ್ದರು.

"ಬ್ಯಾಡ" ಎಂದೆ.

ಮಾವ ಗಾಲಿಯನ್ನು ರೈತನಿಗೆ ಕೊಟ್ಟರು. ಕುರ್ಚಿಯ ಮೇಲೆ ಕೈಯೂರಿ ಎದ್ದರು. "ಚಹಾ ಕುಡ್ದು ಹೋಗ್ರಿ" ಎಂದು ದಾದಾಪೀರ್ ಕರೆದರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನು ಹಿಂದೆ ಹೋಗಲಿಲ್ಲ.

ಮೆಕ್ಕೆಜೋಳದ ಒಕ್ಕಣೆ ಶುರುವಾಗುವ ಹೊತ್ತಿಗೆ ಹೊಸಪೇಟೆಯಿಂದ ಮಂಜುನಾಥನ ಫೋನ್ ಬಂತು. ಮಾವ ಅವನ ಮನೆಯಲ್ಲೇ ತೀರಿಕೊಂಡಿದ್ದರು. ಚಕ್ಕಿನಲ್ಲಿ ಅರ್ಧ ಕೊರೆದ ತುಂಡಿತ್ತು. "ಹೋಗ್ರಿ ಅಕ್ಕಾ, ನಾಳಿ ನೋಡ್ಕಂಡ್ರಾತು" ಎಂದ ದಾದಾಪೀರ್.

ನಾನು ರೀಮರಿಗೆ ಎಣ್ಣೆ ಬಿಟ್ಟೆ. ತೂತು ಮುಗಿಸಿ, ಪಿನ್ನು ಕೂರಿಸಿ, ಮಷೀನ್ ಒರೆಸಿ, ಆಮೇಲೆ ಬಸ್ಸು ಹತ್ತಿದೆ.